ದೂರಸಂವೇದನೆ ಮತ್ತು ಕುರುಚಲು ನೆಲ: ಬೀಳಗಿ–ಮುಧೋಳ ಸೀಮೆಯ ಒಂದು ಅವಲೋಕನ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸರೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರವು ಕಬ್ಬು, ನೇಕಾರಿಕೆ ಹಾಗೂ ಬೇಟೆನಾಯಿಗಳಿಗೆ ಹೆಸರಾದುದು. ನೀರಾವರಿ ಬಯಲಿನ ಆಚೆಗೆ ಕಲ್ಲುಗುಡ್ಡ, ಕುರುಚಲು, ಹುಲ್ಲುನೆಲಗಳ ಮತ್ತೊಂದು ಲೋಕವಿದೆ. ಚಿಂಕಾರ, ತೋಳ, ನರಿಗಳಿಗೆ ಅದೇ ಆಶ್ರಯ. ರಾಷ್ಟ್ರದ ಜೀವವೈವಿಧ್ಯದ ಲೆಕ್ಕದಲ್ಲಿ ಈ ನೆಲಕ್ಕೆ ದೊರೆತ ಸ್ಥಾನ ಯಾವುದು ಎಂಬುದು ಇಲ್ಲಿ ವಿಚಾರಣೀಯ.

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 1987ರಲ್ಲಿ ತನ್ನ ಮೊದಲ ಅರಣ್ಯ ಸ್ಥಿತಿ ವರದಿಯನ್ನು ಪ್ರಕಟಿಸಿತು. 1981–83ರ ಲ್ಯಾಂಡ್‌ಸ್ಯಾಟ್ ಚಿತ್ರಗಳೇ ಅದಕ್ಕೆ ಆಧಾರ. 1988ರ ಮಾರ್ಚ್ 17ರಂದು ಐ.ಆರ್.ಎಸ್.-1ಎ ಕಕ್ಷೆ ಸೇರಿದ ಮೇಲೆ ಸ್ವದೇಶಿ ಚಿತ್ರಗಳು ಲಭ್ಯವಾದವು. ಸಮೀಕ್ಷೆಯ ಅಳತೆಗೋಲು ಮಾತ್ರ ಮರಗಳ ನೆತ್ತಿಯ ಹರವು. ಅದು ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಆ ಅರಣ್ಯಭೂಮಿ ‘ಕುರುಚಲು’ ಎನಿಸಿ, ಅರಣ್ಯ ಹೊದಿಕೆಯ ಲೆಕ್ಕದಿಂದ ಹೊರಗುಳಿಯುತ್ತದೆ.

2000ದಲ್ಲಿ ಹೊರಬಂದ ರಾಷ್ಟ್ರೀಯ ಬಂಜರುಭೂಮಿ ನಕಾಶೆ ಸಂಪುಟವು ಕುರುಚಲು ನೆಲವನ್ನು ಬಂಜರಿನ ಒಂದು ವರ್ಗವಾಗಿ ಗುರುತಿಸಿತು. ಕಂದಾಯ ತಾರದ ಭೂಮಿಯನ್ನು ಬಂಜರೆಂದು ಬರೆದ ವಸಾಹತು ಆಡಳಿತದ ದೃಷ್ಟಿ ಹೀಗೆ ಉಪಗ್ರಹ ಯುಗದಲ್ಲೂ ಮುಂದುವರಿಯಿತು. ಉಪಕರಣ ಹೊಸದಾದರೂ ವರ್ಗೀಕರಣ ಹಳೆಯದೇ ಆಗಿತ್ತು.

ತಂತ್ರಕ್ಕೂ ತನ್ನದೇ ಮಿತಿಗಳುಂಟು. ಸಸ್ಯ ಸೂಚ್ಯಂಕವು ಕೆಂಪು ಮತ್ತು ಅವಕೆಂಪು ಬೆಳಕಿನ ಪ್ರತಿಫಲನದಿಂದ ಹಸಿರನ್ನು ಅಳೆಯುತ್ತದೆ. ಬೇಸಿಗೆಯಲ್ಲಿ ಒಣಗಿದ ಹುಲ್ಲು ಬರಿನೆಲದಂತೆ ತೋರಿದರೆ, ಕಬ್ಬಿನ ಗದ್ದೆಯೂ ಬಳ್ಳಾರಿ ಜಾಲಿಯ ಪೊದೆಯೂ ದಟ್ಟ ಹಸಿರಾಗಿ ಕಾಣುತ್ತವೆ. ಹಸಿರು ಹೆಚ್ಚಿದ ಕಡೆಯೆಲ್ಲ ಜೀವವೈವಿಧ್ಯವೂ ಹೆಚ್ಚಿದೆ ಎಂಬ ತೀರ್ಮಾನ ಆದ್ದರಿಂದ ಸಲ್ಲದು. ಮಳೆಗಾಲದಿಂದ ಬೇಸಿಗೆಯವರೆಗಿನ ಚಿತ್ರಗಳನ್ನು ಸರಣಿಯಾಗಿ ಹೋಲಿಸಿದಾಗ ಹುಲ್ಲು ಚಿಗುರಿ ಒಣಗುವ ಲಯ ತಿಳಿಯುತ್ತದೆ. 2017ರಿಂದ ಜೋಡಿ ಸೆಂಟಿನೆಲ್-2 ಉಪಗ್ರಹಗಳು ಐದು ದಿನಗಳಿಗೊಮ್ಮೆ ನೀಡುವ, 10 ಮೀಟರ್ ಸೂಕ್ಷ್ಮತೆಯ ಚಿತ್ರಗಳು ಇದನ್ನು ಸುಲಭವಾಗಿಸಿವೆ.

2016ರಲ್ಲಿ ಬೀಳಗಿ, ಮುಧೋಳ ತಾಲ್ಲೂಕುಗಳ ಸುಮಾರು 96 ಚದರ ಕಿ.ಮೀ. ಪ್ರದೇಶವು ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಾಯಿತು. ಬಂಜರೆನಿಸುವ ಬಗೆಯ ನೆಲವೇ ಹೀಗೆ ರಕ್ಷಣೆಗೆ ಯೋಗ್ಯವೆನಿಸಿತು. 2022ರಲ್ಲಿ ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಅವರು ದೇಶದ ಅರೆಶುಷ್ಕ ತೆರೆದ ಪರಿಸರಗಳ ನಕಾಶೆಯನ್ನು ಉಪಗ್ರಹ ಮಾಹಿತಿಯಿಂದಲೇ ರಚಿಸಿದರು. ಪ್ರಶ್ನೆ ಬದಲಾದರೆ ಅದೇ ತಂತ್ರದಿಂದ ಬೇರೆ ಉತ್ತರ ದೊರೆಯುತ್ತದೆಂಬುದಕ್ಕೆ ಇದು ನಿದರ್ಶನ.

ಈ ಭಾಗದ ಜನಪದರು ನೆಲವನ್ನು ಎರೆ, ಮಸಾರಿ, ಮಡ್ಡಿ, ಗಾಯರಾಣ ಎಂದು ವಿಂಗಡಿಸುತ್ತಾರೆ. ಮಣ್ಣಿನ ಬಣ್ಣ, ಏರುತಗ್ಗು, ಮೇವು, ಬಳಕೆಯ ಹಕ್ಕು ಇವೆಲ್ಲ ಆ ಹೆಸರುಗಳಲ್ಲಿ ಅಡಕವಾಗಿವೆ. ಚಿತ್ರದಲ್ಲಿ ಒಂದೇ ಬಣ್ಣವಾಗಿ ಕಾಣುವ ಮಡ್ಡಿಗೂ ಪಾಳುಬಿದ್ದ ಹೊಲಕ್ಕೂ ಇರುವ ಭೇದವನ್ನು ಕುರಿಗಾಹಿಗಳು ಬಲ್ಲರು. ಉಪಗ್ರಹ ಚಿತ್ರವನ್ನು ನೆಲದ ಮೇಲೆ ತಾಳೆನೋಡುವ ಕಾರ್ಯದಲ್ಲಿ ಈ ತಿಳಿವಳಿಕೆಗೂ ಸ್ಥಾನ ಸಿಗಬೇಕು. ಇಲ್ಲವಾದರೆ ಮಡ್ಡಿಯಲ್ಲಿ ಸಸಿ ನೆಟ್ಟು ಹಸಿರೇರಿಸಿದ್ದು ಲೆಕ್ಕದಲ್ಲಿ ಲಾಭವಾಗಿ, ಚಿಂಕಾರದ ಪಾಲಿಗೆ ನಷ್ಟವಾದೀತು.