ಏನಿದು ಹ್ಯಾಂಬರ್ಗರ್ ಮೆನು? ಮೂರು ಗೆರೆಗಳ ಹಿಂದಿದೆ 4 ದಶಕಗಳ ಕಥೆ

ಮೊಬೈಲ್ ಆ್ಯಪ್‌ಗಳ ಮೂಲೆಯಲ್ಲಿ ಕಾಣುವ ಮೂರು ಅಡ್ಡ ಗೆರೆಗಳೇ ಹ್ಯಾಂಬರ್ಗರ್ ಮೆನು. ಎರಡು ಬನ್‌ಗಳ ನಡುವೆ ಪ್ಯಾಟಿ ಇಟ್ಟಂತೆ ಕಾಣುವುದರಿಂದ ಈ ಹೆಸರು. 1981ರಲ್ಲಿ ಮಾರುಕಟ್ಟೆಗೆ ಬಂದ ಜೆರಾಕ್ಸ್ ಕಂಪನಿಯ ಸ್ಟಾರ್ ಕಂಪ್ಯೂಟರ್‌ಗಾಗಿ ವಿನ್ಯಾಸಕಾರ ನಾರ್ಮ್ ಕಾಕ್ಸ್ ಇದನ್ನು ರೂಪಿಸಿದರು. ಒಳಗೊಂದು ಆಯ್ಕೆಗಳ ಪಟ್ಟಿ ಇದೆ ಎಂಬುದೇ ಆ ಗೆರೆಗಳ ಅರ್ಥ. ಸ್ಮಾರ್ಟ್‌ಫೋನ್ ಬಂದ ಮೇಲೆ ಚಿಕ್ಕ ಪರದೆಯಲ್ಲಿ ಜಾಗ ಉಳಿಸಲು ಇದು ಎಲ್ಲೆಡೆ ಹರಡಿತು.

ಆದರೆ ಕಣ್ಣಿಗೆ ಬೀಳದ ಆಯ್ಕೆಯನ್ನು ಜನ ಬಳಸುವುದು ಕಡಿಮೆ. ದೂರು ನೀಡುವ ಅಥವಾ ಭಾಷೆ ಬದಲಿಸುವ ಸೌಲಭ್ಯ ಇದರೊಳಗೆ ಅಡಗಿದ್ದರೆ, ಹೊಸದಾಗಿ ಫೋನ್ ಹಿಡಿದವರು ಅದು ಇಲ್ಲವೆಂದೇ ತಿಳಿಯಬಹುದು. ಹಾಗಾಗಿ ಹಲವು ಆ್ಯಪ್‌ಗಳು ಹೆಚ್ಚು ಬಳಕೆಯ ನಾಲ್ಕೈದು ಆಯ್ಕೆಗಳನ್ನು ಪರದೆಯ ಕೆಳಗೆ ಹೆಸರಿನ ಸಮೇತ ತೋರಿಸಿ, ಉಳಿದವನ್ನಷ್ಟೇ ಮೆನುವಿನೊಳಗೆ ಇಡುತ್ತವೆ. ಗೆರೆಗಳ ಪಕ್ಕ ‘ಮೆನು’ ಎಂದು ಬರೆದರೂ ಗೊಂದಲ ತಗ್ಗುತ್ತದೆ.