ಯಾವುದು ಕಾರ್ಡು, ಯಾವುದು ಬರಿಯ ಚಿತ್ರ?

ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರ - ಇವನ್ನು ಕೂಡಿಸಿಡುವ ಹವ್ಯಾಸ ನಮ್ಮಲ್ಲಿ ಹೊಸದಲ್ಲ. ಅಮೆರಿಕದಲ್ಲಿ ಇಂಥ ವಸ್ತುಗಳ ಸಾಲಿನಲ್ಲಿ ಬೇಸ್‌ಬಾಲ್ ಕಾರ್ಡಿಗೆ ಮೊದಲ ಮಣೆ. 1952ರಲ್ಲಿ ಟಾಪ್ಸ್ ಎಂಬ ಚ್ಯೂಯಿಂಗ್ ಗಮ್ ಕಂಪನಿ ಹೊರತಂದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ರಟ್ಟಿನ ತುಂಡೊಂದಕ್ಕೆ ಇಷ್ಟು ಬೆಲೆ ಬರುವಾಗ, ಕಾರ್ಡು ಎಂದು ಯಾವುದನ್ನು ಕರೆಯಬೇಕು ಎಂಬ ಪ್ರಶ್ನೆ ಹಗುರವಾದುದಲ್ಲ.

ಇದರ ಮೂಲ ಸಿಗರೇಟು ಪೊಟ್ಟಣದಲ್ಲಿದೆ. ಪೊಟ್ಟಣ ನಲುಗದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ 19ನೆಯ ಶತಮಾನದ ಕೊನೆಯಲ್ಲಿ ಚಿತ್ರಗಳು ಬಂದವು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ 50 ಕ್ರಿಕೆಟಿಗರ ಸರಣಿಯನ್ನು ಹೊರತಂದಿತು. ಯುದ್ಧಕಾಲದ ಕಾಗದದ ಅಭಾವದಿಂದ 1940ರಲ್ಲಿ ಅಲ್ಲಿ ಈ ಪದ್ಧತಿ ನಿಂತಿತು. ಅಮೆರಿಕದಲ್ಲಿ ಹೊಗೆಸೊಪ್ಪಿನ ಜಾಗವನ್ನು ಗಮ್ ಹಿಡಿಯಿತು. ಹೊಗೆಸೊಪ್ಪಿನ ಕಥೆ ನಮಗೆ ದೂರದ್ದೂ ಅಲ್ಲ. ವಿಜಯವಾಡದ ನೆರೆಯ ಗುಂಟೂರು ಸೀಮೆಯಲ್ಲಿ ಸಿಗರೇಟಿಗೆ ಬೇಕಾದ ಹೊಗೆಸೊಪ್ಪಿಗಾಗಿ 1912ರಲ್ಲೇ ಪ್ರತ್ಯೇಕ ಕಂಪನಿಯೊಂದು ಹುಟ್ಟಿತ್ತು.

ಸಂಗ್ರಾಹಕರು ಸಾಮಾನ್ಯವಾಗಿ ಮೂರು ಲಕ್ಷಣಗಳನ್ನು ನೋಡುತ್ತಾರೆ. ಅದರಲ್ಲಿ ಆಟಗಾರನ ಚಿತ್ರವಿರಬೇಕು. ಅದು ಒಂದು ಸರಣಿಗೆ ಸೇರಿರಬೇಕು. ಆ ಕಾಲದಲ್ಲಿಯೇ ಸರಕಿನ ಜೊತೆಗೋ ಮಾರಾಟಕ್ಕೋ ಬಂದಿರಬೇಕು. ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಕಾರ್ಡಲ್ಲ. ಹಳೆಯ ಕಾರ್ಡಿನ ಹೊಸ ಅಚ್ಚಿಗೆ ಹಳೆಯದರ ಬೆಲೆಯಿಲ್ಲ. ಭಾರತದ ಮೊದಲ ಟೆಸ್ಟ್ ನಾಯಕರೂ, 1953-54ರಲ್ಲಿ ರಣಜಿ ಪಂದ್ಯಗಳಿಗೆ ಕಾಲಿಟ್ಟ ಆಂಧ್ರ ತಂಡದ ನಾಯಕರೂ ಆಗಿದ್ದ ಸಿ. ಕೆ. ನಾಯುಡು ಅವರ ಅಂಚೆಚೀಟಿ 1996ರಲ್ಲಿ ಬಂತು. ಅದು ಅಂಚೆಚೀಟಿಯೇ ಹೊರತು ಕಾರ್ಡಲ್ಲ. 1988ರ ಡಿಸೆಂಬರ್ 10ರಂದು ವಿಶಾಖಪಟ್ಟಣದಲ್ಲಿ ನ್ಯೂಜಿಲೆಂಡ್ ವಿರುದ್ಧ ಶ್ರೀಕಾಂತ್ 5 ವಿಕೆಟ್ ಪಡೆದ ಪಂದ್ಯದ ಟಿಕೆಟ್ಟು ಯಾರಲ್ಲಾದರೂ ಉಳಿದಿದ್ದರೆ ಅದೊಂದು ಒಳ್ಳೆಯ ನೆನಪಿನ ವಸ್ತು, ಅದೂ ಕಾರ್ಡಲ್ಲ.

ಹಾಗಾದರೆ ನಮ್ಮಲ್ಲಿ ಕಾರ್ಡೇ ಇರಲಿಲ್ಲವೆ? ಇತ್ತು. 1980ರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರಗಳು ಬರುತ್ತಿದ್ದವು. ಅವುಗಳ ಮೇಲಿನ ರನ್ನು, ವಿಕೆಟ್ಟುಗಳನ್ನು ಕೂಡಿಸಿ ಕೊಟ್ಟರೆ ಆಟದ ಚಿತ್ರಪುಸ್ತಿಕೆ ಸಿಗುತ್ತಿತ್ತು. ಮೂರು ಲಕ್ಷಣಗಳೂ ಇದಕ್ಕೆ ಹೊಂದುತ್ತವೆ. ಕೊಟ್ಟು ಪುಸ್ತಿಕೆ ಪಡೆದದ್ದರಿಂದಲೇ ಮನೆಗಳಲ್ಲಿ ಚಿತ್ರಗಳು ಉಳಿದದ್ದು ಕಡಿಮೆ.

ಉಕ್ಕಿನ ಕಾರ್ಖಾನೆ, ನೌಕಾನೆಲೆ, ರೈಲ್ವೆ ಎಂದು ಊರು ಬಿಟ್ಟು ಬಂದ ನಮ್ಮ ಕುಟುಂಬಗಳಲ್ಲಿ ವರ್ಗವಾದಾಗಲೆಲ್ಲ ಮೊದಲು ರದ್ದಿಗೆ ಹೋಗುವುದು ಮಕ್ಕಳ ಡಬ್ಬಿಯೇ. ಮನೆಯಲ್ಲಿ ಕನ್ನಡವಾಡಿ ಬೀದಿಯಲ್ಲಿ ತೆಲುಗಿನಲ್ಲಿ ಚೌಕಾಶಿ ಮಾಡಿ ಮಕ್ಕಳು ಬದಲಾಯಿಸಿಕೊಂಡ ಚಿತ್ರಗಳು ಅದರಲ್ಲಿರಬಹುದು. ಅವಕ್ಕೆ ಕೋಟಿ ಬೆಲೆ ಬಾರದು. ಆದರೆ ಪರವೂರಿನಲ್ಲಿ ನಮ್ಮ ಮಕ್ಕಳು ಹೇಗೆ ಬೆಳೆದರೆಂಬುದಕ್ಕೆ ಉಳಿಯುವ ಸಾಕ್ಷಿಗಳೇ ಕೆಲವು. ಆದ್ದರಿಂದ ಡಬ್ಬಿಯನ್ನು ಎಸೆಯುವ ಮುನ್ನ ತೆರೆದು ನೋಡೋಣ. ಗೋಂದು ಹಚ್ಚದೆ, ರಬ್ಬರ್ ಬ್ಯಾಂಡ್ ಬಿಗಿಯದೆ, ಕಡಲ ತೇವ ತಾಗದಂತೆ ಕಾಗದದ ಲಕೋಟೆಯಲ್ಲಿ ಇಡೋಣ. ಯಾರು, ಯಾವ ಊರಿನಲ್ಲಿ, ಯಾವ ವರ್ಷ ಕೂಡಿಸಿದರೆಂದು ಲಕೋಟೆಯ ಮೇಲೆ ಕನ್ನಡದಲ್ಲಿ ಬರೆದಿಡೋಣ.