ಹಾವೇರಿ ಬಸ್ ಸ್ಟ್ಯಾಂಡು ಮತ್ತು ಗೇಮ್ ಸರ್ವರ್

2020ರ ಲಾಕ್‌ಡೌನ್. ರಾಣೆಬೆನ್ನೂರಿನಲ್ಲಿ ಕಾಕಾನ ಮಗ, ಬ್ಯಾಡಗಿಯಲ್ಲಿ ಅತ್ತೆಯ ಮಕ್ಕಳು, ಹಾವೇರಿಯಲ್ಲಿ ನಾನು. ಮೂರೂರಿನವರು ಕೂಡಿ ಮೈನ್‌ಕ್ರಾಫ್ಟ್ ಆಡೋಣ ಅಂತ ಸರ್ವರ್ ಕಟ್ಟಲು ಕೂತೆ. ಕಟ್ಟುವಾಗ ತಿಳಿದ ಕಥೆ ಆಟಕ್ಕಿಂತ ಸ್ವಾರಸ್ಯವಾಗಿತ್ತು..

ಹಲವರು ಕೂಡಿ ಆಡುವ ಲೋಕ ಹೊಸದೇನಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಬರೀ ಅಕ್ಷರಗಳ ಆಟ. ಒಂದು ಕಂಪ್ಯೂಟರ್, ಒಂದು ಲೋಕ. 2009ರಲ್ಲಿ ಬಂದ ಮೈನ್‌ಕ್ರಾಫ್ಟಿನ ಸರ್ವರೂ ಹೆಚ್ಚುಕಮ್ಮಿ ಹಾಗೇ. ಜನ ಹೆಚ್ಚಿದರೆ ಯಂತ್ರ ಏದುಸಿರು ಬಿಡುತ್ತಿತ್ತು.

2010ರ ಕೊನೆಗೆ ಶುರುವಾದ ಬಕ್ಕಿಟ್, ಜಾವಾ ಬಲ್ಲ ಯಾರು ಬೇಕಾದರೂ ಸರ್ವರಿಗೆ ಪ್ಲಗಿನ್ ಬರೆಯುವಂತೆ ಮಾಡಿತು. 2012ರಲ್ಲಿ ಬಂಜೀಕಾರ್ಡ್ ಬಂತು. ಇದು ಥೇಟ್ ನಮ್ಮ ಹಾವೇರಿ ಬಸ್ ಸ್ಟ್ಯಾಂಡು! ಎಲ್ಲರೂ ಮೊದಲು ಇಲ್ಲಿಗೇ ಬಂದು ಪಾಸ್ ತೋರಿಸಬೇಕು. ಆಮೇಲೆ ಹಿಂದಿರುವ ಯಾವ ಸರ್ವರಿಗೆ ಬೇಕಾದರೂ ಹತ್ತಿಸಿ ಕಳಿಸುತ್ತದೆ. ಮುಂದಿನ ಬಸ್ಸಿನ ಕಂಡಕ್ಟರ್ ಮತ್ತೆ ಪಾಸ್ ಕೇಳುವುದಿಲ್ಲ.

2014ರ ಸೆಪ್ಟೆಂಬರಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಬಕ್ಕಿಟ್‌ಗೆ ಕೋಡ್ ಬರೆದವರಲ್ಲೇ ಒಬ್ಬರು, ಮುಕ್ತ ಲೈಸೆನ್ಸಿನ ತಮ್ಮ ಕೋಡನ್ನು ಕಂಪನಿಯ ಮುಚ್ಚಿದ ಕೋಡಿನ ಜೊತೆ ಸೇರಿಸಿ ಹಂಚಲಾಗುತ್ತಿದೆ ಎಂದು ಕಾಪಿರೈಟ್ ತಕರಾರು ತೆಗೆದರು. ಡೌನ್‌ಲೋಡ್ ನಿಂತೇಹೋಯಿತು. ಸ್ಪಿಗಟ್ ತಂಡ ಇದಕ್ಕೊಂದು ದಾರಿ ಹುಡುಕಿತು: ಸಿದ್ಧ ಫೈಲ್ ಹಂಚುವ ಬದಲು, ಅವರವರ ಯಂತ್ರದಲ್ಲೇ ಕಟ್ಟಿಕೊಳ್ಳುವ ಸಲಕರಣೆ ಕೊಟ್ಟಿತು. (ಅಡುಗೆ ಕೊಡದೆ ಅಡುಗೆ ಮಾಡುವ ವಿಧಾನ ಕೊಟ್ಟ ಹಾಗೆ!)

ಅಂದ ಹಾಗೆ, ನಾನು ಎಡವಿದ್ದು ಬಸ್ ಸ್ಟ್ಯಾಂಡಿನಲ್ಲೇ. ಹಿಂದಿನ ಸರ್ವರುಗಳ ಪೋರ್ಟಿಗೆ ಫೈರ್‌ವಾಲ್ ಹಾಕಲು ಮರೆತಿದ್ದೆ. ಸ್ಟ್ಯಾಂಡಿಗೆ ಬಾರದೆ ನಡುದಾರಿಯಲ್ಲಿ ಹತ್ತಿ "ನಾನೇ ಅವನು" ಅಂದವನನ್ನೂ ಸರ್ವರ್ ನಂಬುತ್ತಿತ್ತು. ಯಾರೋ ರಾಣೆಬೆನ್ನೂರಿನ ತಮ್ಮನ ಹೆಸರಲ್ಲಿ ನುಗ್ಗಿ, ಅವನು ತಿಂಗಳುಗಟ್ಟಲೆ ಕಟ್ಟಿದ್ದ ಹಾವೇರಿಯ ಸಿದ್ಧೇಶ್ವರ ಗುಡಿಯನ್ನು ನೆಲಸಮ ಮಾಡಿದ್ದರು. ಬ್ಯಾಕಪ್ಪೂ ಇರಲಿಲ್ಲ.

"ಅಣ್ಣಾ, ನನ್ನ ಗುಡಿ ಎಲ್ಲಿ ಹೋತು?" ಅಂದ. ಏನು ಹೇಳಲಿ?

ಆಮೇಲೆ ವೆಲಾಸಿಟಿಗೆ ಬದಲಾಯಿಸಿದೆ. 2018ರಲ್ಲಿ ಬಂದದ್ದು. ಅದರ ಹೊಸ ವಿಧಾನದಲ್ಲಿ ಸ್ಟ್ಯಾಂಡಿಗೂ ಹಿಂದಿನ ಸರ್ವರಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಕೀಲಿ ಇರುತ್ತದೆ. ಅದರ ಮೊಹರಿಲ್ಲದೆ ಬಂದವರಿಗೆ ಒಳಗೆ ಜಾಗವಿಲ್ಲ. ಫೈರ್‌ವಾಲನ್ನೂ ಹಾಕಿದೆ ಅನ್ನಿ.

ನೀವೂ ಶುರು ಮಾಡುವವರಿದ್ದರೆ ಮೊದಲು ಬಾಗಿಲು ಭದ್ರ ಮಾಡಿ, ಆಮೇಲೆ ಲೋಕ ಕಟ್ಟಿ. ಲೈಸೆನ್ಸನ್ನೂ ಒಮ್ಮೆ ಓದಿ. ತಮ್ಮ ಗುಡಿಯನ್ನು ಮತ್ತೆ ಅಡಿಪಾಯದಿಂದ ಕಟ್ಟಿದ. ಕಲ್ಲು ಹೊತ್ತುಕೊಟ್ಟಿದ್ದು ನಾನು!